ಕೆಂಪು ಗುರುತು, ಐತಾಳರ ಉಪ್ಪು

ಗುರುತು ಅಲ್ಲಿ ಇಲ್ಲದೇ ಇದ್ದಿರಬಹುದು. ಇದ್ದೂ ಅದರ ಅಗಲ ಸೊನ್ನೆಯಾಗಿರಬಹುದು. ಅಗಲ ಸರಿಯಿದ್ದು, ಪರದೆಯ ಬಲ ಅಂಚು ದಾಟಿ ಹೊರಗೆ ಕುಳಿತಿರಬಹುದು. ಗಿರಾಕಿಯ ಹೆಸರು ಉದ್ದವಾಗಿ, ಅದರ ಬೆನ್ನಿಗೆ ಅಡಗಿರಬಹುದು. ಕೆಂಪು ಬಣ್ಣ ಹತ್ತದೆ ಬಿಳಿಯ ಮೇಲೆ ಬಿಳಿಯಾಗಿ ನಿಂತಿರಬಹುದು. ಸರ್ವರಿನಿಂದ ಮಾಹಿತಿ ಬಾರದೇ ಇದ್ದಿರಬಹುದು, ಬಂದದ್ದು ಅರ್ಧವಾಗಿರಬಹುದು. ಮಳೆಗೆ ವೈಫೈ ಸತ್ತಿರಬಹುದು. ಟ್ಯಾಬಿನಲ್ಲಿ ಹಳೆಯ ಆವೃತ್ತಿ ಉಳಿದಿರಬಹುದು. ಅನ್ನದ ಹಬೆ ಗಾಜಿಗೆ ಕಟ್ಟಿರಬಹುದು. ಐತಾಳರ ಕಣ್ಣಿಗೆ ಪೊರೆ ಬಂದಿರಬಹುದು. ಐತಾಳರು ನೋಡದೇ ಇದ್ದಿರಬಹುದು. ನೋಡಿ ಮರೆತಿರಬಹುದು. ಮರೆತು, ಅದನ್ನು ಒಪ್ಪಲಾರದೆ ಸುಳ್ಳು ಹೇಳಿರಬಹುದು.

ಕಳೆದ ವಾರ ಪಲ್ಲಾವರಂ ಸಂತೆಯಲ್ಲಿ ಯಾರದೋ ಹಳೆಯ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಿದ್ದೆ. ಮಳೆ ಒಮ್ಮೆಲೇ ಹೊಡೆಯಿತು. ಟಾರ್ಪಾಲಿನ ಕೆಳಗೆ ನುಗ್ಗಿ ನಿಂತೆ. ಪಕ್ಕದ ಗಾಡಿಯವನು ಬಾಣಲೆಗೆ ಸಾಂಬಾರ್ ಈರುಳ್ಳಿ ಸುರಿದ. ಆ ವಾಸನೆ ಮೂಗಿಗೆ ತಗುಲಿದ್ದೇ ತಡ, ಮೇಲಿನ ಅಷ್ಟೂ 'ಇರಬಹುದು'ಗಳು ಬಾಯಿಪಾಠ ಮಾಡಿದ ಮಗ್ಗಿಯ ಹಾಗೆ ಸಾಲಾಗಿ ಬಂದು ನಿಂತವು. ಊರಿನ ಉಳಿದವರಿಗೆಲ್ಲ ಆ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ನನಗೆ ಒಂದು ಹಿಂಗಾರು ಪೂರ್ತಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನು ಮೊದಲಿನಿಂದಲೂ ಚಿಂತೆಯ ಮನುಷ್ಯ. ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಬದುಕಿನ ಮಧ್ಯಭಾಗವನ್ನು ಚೆನ್ನೈನಲ್ಲಿ ಬೆವರಿ ಕಳೆಯುತ್ತಿರುವವನು. ಮನೆ ಬಿಡುವಾಗ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ಟಿಲಿಳಿದವನು ಮತ್ತೆ ಹತ್ತುತ್ತೇನೆ. ಬೀಗ ಎಳೆದು ನೋಡುತ್ತೇನೆ, ರಸ್ತೆಗೆ ಬಂದ ಮೇಲೆ ಎಳೆದದ್ದು ನಿಜವೋ ಎಂದು ಅನುಮಾನ ಬರುತ್ತದೆ. "ನಿಮ್ಮ ಕೈಗೆ ಸಿಕ್ಕಿ ಆ ಬೀಗಕ್ಕೇ ಭುಜ ನೋವು ಬಂದಿದೆ" ಅನ್ನುತ್ತಾಳೆ ಹೆಂಡತಿ ಸುಧಾ. ಮಗಳು ಅಷ್ಟೂ ಹೇಳುವುದಿಲ್ಲ; "ಪೋಂಗಪ್ಪಾ", ಅಂದರೆ ಹೋಗಪ್ಪಾ ಎಂದು ತಮಿಳಿನಲ್ಲಿ ಮುಗಿಸಿ ಕೊಡೆ ಬಿಚ್ಚುತ್ತಾಳೆ. ಅದೃಷ್ಟಕ್ಕೆ ಈ ರೋಗಕ್ಕೆ ನನ್ನ ಕಸುಬಿನಲ್ಲಿ ಗೌರವದ ಹೆಸರಿದೆ. ಬೇರೆಯವರು ಬರೆದ ಮೊಬೈಲ್ ಆ್ಯಪ್‌ಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಬರೆದವರು ಬೇರೆ ಕಂಪನಿಗೆ ಹೋಗಿ ದೊಡ್ಡವರಾಗಿರುತ್ತಾರೆ, ನಾನು ಅವರ ಎಂಜಲೆಲೆ ಬಿಡಿಸುತ್ತ ಕೂತಿರುತ್ತೇನೆ.

ಆ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂದದ್ದು ತಾಂಬರಂನ ಒಂದು ಊಟದ ಮನೆಯ ಆ್ಯಪ್. ಅದರ ಯಜಮಾನರು ಉಡುಪಿ ಕಡೆಯ ಶ್ರೀಪತಿ ಉಪಾಧ್ಯರು. ಮುಂದೆ ಮಾಮೂಲಿ ಹೋಟೆಲು. ಹಿಂದೆ ದೊಡ್ಡ ಅಡುಗೆಮನೆ. ಅಲ್ಲಿಂದ ಕಚೇರಿಗಳಿಗೆ, ಸಣ್ಣಪುಟ್ಟ ಸಮಾರಂಭಗಳಿಗೆ ಡಬರಿಗಳಲ್ಲಿ ಊಟ ಹೋಗುತ್ತಿತ್ತು. ಅದರ ಜೊತೆಗೆ ಇನ್ನೊಂದು ವಿಶೇಷವಿತ್ತು: ಮನೆಯಲ್ಲಿ ಮಡಿಯಲ್ಲಿ ಬೇಯಿಸುವವರಿಲ್ಲದ ನಮ್ಮಂಥ ಕನ್ನಡ ಕುಟುಂಬಗಳಿಗೆ, ಹಿರಿಯರ ತಿಥಿಯ ದಿನ ಮಡಿ ಅಡುಗೆ ಮಾಡಿ ಕಳಿಸುತ್ತಿದ್ದರು. ಅದಕ್ಕೇ ಒಳಗೆ ಬೇರೆ ಕೋಣೆ, ಬೇರೆ ಒಲೆ, ಬೇರೆ ಪಾತ್ರೆ. ಈರುಳ್ಳಿಯ ನೆರಳೂ ಅತ್ತ ಸುಳಿಯುವಂತಿರಲಿಲ್ಲ.

ಆ ಕೋಣೆ ಮಂಜುನಾಥ ಐತಾಳರದು. ಕೋಟದ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಎತ್ತರದ ಆಳು, ಸದಾ ಒದ್ದೆ ಪಂಚೆ, ಬೆನ್ನಿನ ಮೇಲೆ ಒಲೆಯ ಕೆಂಪು. ನನ್ನ ತಾಯಿಯ ತಿಥಿಗೆ ನಮ್ಮ ಮನೆಗೂ ಅವರ ಕೈಯ ಅಡುಗೆಯೇ ಬರುತ್ತಿತ್ತು, ಹಾಗಾಗಿ ಪರಿಚಯ. ಅವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕಾರಣ ಅವರ ಉಪ್ಪು. ಎಡೆಗೆ ಇಡುವ ಮೊದಲು ಮಡಿ ಅಡುಗೆಯ ರುಚಿ ನೋಡುವಂತಿಲ್ಲವಲ್ಲ. ದೊಡ್ಡ ಕೊಳಗದ ಹುಳಿಗೆ ಬೊಗಸೆಯಲ್ಲಿ ಉಪ್ಪು ಹಾಕಿ, ಮೂಗಿನಿಂದ ಒಮ್ಮೆ ಹಬೆ ಎಳೆದು, ಸೌಟು ಬಿಟ್ಟು ಹೊರಟುಬಿಡುತ್ತಿದ್ದರು.

"ಹಾಕಿದ್ದು ಕಮ್ಮಿಯಾಗಿದ್ರೆ?" ಎಂದು ನಾನು ಕೇಳಿದ್ದೆ.

"ಕಮ್ಮಿ ಎಂತಕ್ಕೆ ಆಗ್ತದೆ?"

"ಹಾಕೋದೇ ಮರೆತಿದ್ರೆ? ಅಥವಾ ಹಾಕಿದ್ದು ಮರೆತು ಇನ್ನೊಂದ್ಸಲ ಹಾಕಿದ್ರೆ?"

ಐತಾಳರು ನನ್ನನ್ನು ಅನುಕಂಪದಿಂದ ನೋಡಿದರು. "ಮಾರಾಯ್ರೆ, ನಿಮಗೆ ಉಸಿರಾಡುದು ನೆನಪಿರ್ತದಾ, ಅಲ್ಲ ಅದಕ್ಕೂ ಫೋನಲ್ಲಿ ಗಂಟೆ ಹೊಡೀತದಾ?"

ಅಡುಗೆಯವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ಉಸಿರಾಟದ ಕಡೆ ಗಮನ ಹೋಗಿ ತೊಂದರೆಯಾಯಿತು, ಅದು ಬೇರೆ ಮಾತು.

ಆರ್ಡರುಗಳಿಗೆ ಆ್ಯಪ್ ಬಂದದ್ದು ಉಪಾಧ್ಯರ ಹಟದಿಂದ. ಅಡುಗೆಮನೆಯ ಗೋಡೆಗೆ ಒಂದು ಟ್ಯಾಬ್ ನೇತುಹಾಕಿದರು. ಅದರಲ್ಲಿ ಆ ದಿನದ ಆರ್ಡರುಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತಿದ್ದವು: ಯಾರ ಮನೆ, ಎಷ್ಟು ಜನ, ಯಾವ ಹೊತ್ತಿಗೆ. ತಿಥಿಯ ಊಟವಾದರೆ ಆ ಸಾಲಿನ ಬಲತುದಿಯಲ್ಲಿ 'ಮಡಿ' ಎಂದು ಬರೆದ ಕೆಂಪು ಗುರುತು. ಅದಿದ್ದರೆ ಕ್ಯಾರಿಯರ್ ಒಳಕೋಣೆಯಿಂದ ತುಂಬಬೇಕು, ಇಲ್ಲದಿದ್ದರೆ ಹೊರಗಿನ ಕೊಳಗದಿಂದ. ಇಷ್ಟೇ ವ್ಯವಸ್ಥೆ. ಐತಾಳರದ್ದು ಒಂದೇ ತಕರಾರು: ಮಡಿಯಲ್ಲಿರುವವರು ಎಲ್ಲರೂ ಮುಟ್ಟುವ ಆ ಗಾಜನ್ನು ಮುಟ್ಟುವುದು ಹೇಗೆ? ಅದಕ್ಕೆ ಉಪಾಯವನ್ನೂ ಅವರೇ ಕಂಡುಕೊಂಡರು. ಬಾಳೆಎಲೆಯ ಹಸಿ ದಂಟನ್ನು ಕತ್ತರಿಸಿ ಅದರ ತುದಿಯಿಂದ ಮುಟ್ಟಿದರೆ ಟ್ಯಾಬ್ ಬೆರಳೆಂದೇ ತಿಳಿಯುತ್ತಿತ್ತು. ದಿನಕ್ಕೊಂದು ಹೊಸ ದಂಟು. ಬಾಗಿಲಲ್ಲಿ ನಿಂತು, ವೀಣೆ ಮೀಟಿದಂತೆ ದಂಟು ಬೀಸಿ ನೋಡುತ್ತಿದ್ದರು.

ದೀಪಾವಳಿ ಕಳೆದು ಮಳೆ ಹಿಡಿಯಿತು. ಚೆನ್ನೈ ಮಳೆ ನಮ್ಮೂರಿನ ಹಾಗೆ ಬರುತ್ತೇನೆ ಎಂದು ಹೇಳಿ ಕಳಿಸುವುದಿಲ್ಲ. ಸಮುದ್ರದಿಂದ ಎದ್ದು ನೇರ ಮನೆಯೊಳಗೇ ಬರುತ್ತದೆ. ಬೀದಿಗಳಲ್ಲಿ ನೀರು ನಿಂತು ಜನ ಹೊರಗೆ ಹೋಗಲಾರದೆ ಊಟ ತರಿಸತೊಡಗಿದರು. ಉಪಾಧ್ಯರ ಆರ್ಡರುಗಳು ಪರದೆಯಲ್ಲಿ ಹಿಡಿಯದಷ್ಟು ಬೆಳೆದವು. ಅಂಥ ಒಂದು ದಿನ, ತಾಂಬರಂನ ಹಳೇ ಗಿರಾಕಿ ಕೃಷ್ಣರಾಯರ ಮನೆಯಲ್ಲಿ ಅವರ ತಂದೆಯ ತಿಥಿ. ಬ್ರಾಹ್ಮಣರು ಕೂತು, ಪರಿಷೇಚನೆಯಾಗಿ, ಊಟ ನಡೆಯುತ್ತಿದ್ದಾಗ ಹುಳಿಯಲ್ಲಿ ಗುಂಡಗೆ, ನುಣ್ಣಗೆ ಒಂದು ಸಾಂಬಾರ್ ಈರುಳ್ಳಿ ಸಿಕ್ಕಿತು.

ಮುಂದಿನದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಎಲೆ ಮುಂದಿನಿಂದ ಎದ್ದರು. ತಿಥಿ ಕೆಟ್ಟಿತು. ಕೃಷ್ಣರಾಯರ ವಯಸ್ಸಾದ ತಾಯಿ, ಗಂಡ ಹಸಿದು ಹೋದರು ಎಂದು ಅತ್ತರಂತೆ.

ಉಪಾಧ್ಯರು ಅಡುಗೆಮನೆಗೆ ನುಗ್ಗಿದಾಗ ಐತಾಳರು ಹೇಳಿದ್ದು ಇಷ್ಟು: "ಬೆಳಿಗ್ಗೆ ಕೆಂಪು ಗುರುತು ಇತ್ತು. ತುಂಬುವಾಗ ಇರ್ಲಿಲ್ಲ."

ಉಪಾಧ್ಯರು ಎಲ್ಲರೆದುರಿಗೆ ಟ್ಯಾಬ್ ಕೆಳಗಿಳಿಸಿ, ಆ್ಯಪ್ ಮುಚ್ಚಿ ತೆರೆದರು. ಕೃಷ್ಣರಾಯರ ಸಾಲು ಮೇಲೆಯೇ ಇತ್ತು. ಅದರ ತುದಿಯಲ್ಲಿ ಕೆಂಪು ಗುರುತು ಕುಂಕುಮದ ಹಾಗೆ ಢಾಳಾಗಿ ಕೂತಿತ್ತು.

"ಇದೆಂತದು? ನನ್ನ ಕಣ್ಣು ಹಾಳಾಗಿದೆಯಾ?"

ಐತಾಳರು ಬಾಗಿ ನೋಡಿದರು. ಆಮೇಲೆ ಒಳಕೋಣೆಗೆ ಹೋದ ಉಪಾಧ್ಯರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಕಟ್ಟೆಯ ಮೇಲೆ ಒಂದು ಮನೆಗಾಗುವಷ್ಟು ಮಡಿ ಅಡುಗೆ ಹಾಗೇ ಉಳಿದಿತ್ತು. "ನೋಡಿ, ಮಾಡಿದ್ದೂ ನೀವೇ, ಕಳಿಸ್ಲಿಕ್ಕೆ ಮರೆತದ್ದೂ ನೀವೇ. ಮರೆತೆ ಅಂತ ಹೇಳುದು ಬಿಟ್ಟು ಮೆಷಿನಿನ ಮೇಲೆ ಹಾಕ್ತೀರಿ. ಪ್ರಾಯ ಆಯ್ತು ಐತಾಳ್ರೆ ನಿಮಗೆ."

ಮಾರನೆಯ ದಿನ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಕೃಷ್ಣರಾಯರ ಮನೆಗೆ ಹೋದರು. ಹೊಸಿಲಲ್ಲಿ ನಿಲ್ಲಿಸಿ, ಆ ಮುದುಕಿಯ ಎದುರು "ನನಗೆ ಮರೆತುಹೋಯ್ತು" ಎಂದು ಹೇಳಿಸಿದರು. ಐತಾಳರು ಹೇಳಿದರು. ಕಾಲಿಗೂ ಬಿದ್ದರು. ಅಲ್ಲಿಂದ ವಾಪಸು ಬರುವ ದಾರಿಯಲ್ಲೇ ಉಪಾಧ್ಯರು, ಇನ್ನು ನೀವು ಬರುವುದು ಬೇಡ ಎಂದರಂತೆ.

ನನಗೆ ಕೆಲಸ ಬಂದದ್ದು ಇದಾದ ಮೇಲೆ. ಅದೂ ಐತಾಳರ ಸಲುವಾಗಿ ಅಲ್ಲ. ಹೊಸದಾಗಿ ಬಂದ ಅಡುಗೆಯವನೊಬ್ಬ "ಕೆಲವು ಸಲ ಗುರುತು ಕಾಣುವುದಿಲ್ಲ" ಎಂದು ಒಂದು ಮಾತು ಹೇಳಿದ್ದ, ಉಪಾಧ್ಯರು ಅದನ್ನು ನಮ್ಮ ಕಂಪನಿಗೆ ದೂರಾಗಿ ಕಳಿಸಿದ್ದರು. ಮ್ಯಾನೇಜರು ಅದನ್ನು ನನ್ನ ಮೇಜಿಗೆ ದಾಟಿಸಿ, "ಯೂಸರ್ ಸರಿಯಾಗಿ ನೋಡಿರೋದಿಲ್ಲ, ಒಂದು ಸಲ ಪರೀಕ್ಷೆ ಮಾಡಿ ಮುಚ್ಚಿಬಿಡಿ" ಎಂದರು. ನನ್ನ ಜೊತೆಗೆ ಕವಿತಾ ಎಂಬ ಹೊಸೂರಿನ ಹುಡುಗಿ. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಆದರೆ ಅದು ಎಲ್ಲಿ ಹೊರಟರೂ ತಮಿಳಿಗೆ ಹೋಗಿ ಮುಟ್ಟುತ್ತಿತ್ತು.

ದೂರಿನ ಬಗ್ಗೆ ಅಡುಗೆಮನೆಯವರನ್ನು ಫೋನಿನಲ್ಲಿ ವಿಚಾರಿಸಿದಾಗಲೇ ನನಗೆ ಐತಾಳರ ಕಥೆ ಪೂರ್ತಿ ಗೊತ್ತಾದದ್ದು. ಒಬ್ಬ ಮನುಷ್ಯ ಬೆಳಿಗ್ಗೆ ಇತ್ತು, ಮಧ್ಯಾಹ್ನ ಇರಲಿಲ್ಲ ಅನ್ನುತ್ತಾನೆ. ಯಂತ್ರ ಈಗ ಇದೆ ಅನ್ನುತ್ತದೆ. ಇಬ್ಬರಲ್ಲಿ ಯಾರನ್ನು ನಂಬಬೇಕು ಎಂಬ ಪ್ರಶ್ನೆಯೇ ಯಾರಿಗೂ ಬಂದಿರಲಿಲ್ಲ. ನಿಜ ಹೇಳುವುದಾದರೆ ಮೊದಲ ದಿನ ನನಗೂ ಬರಲಿಲ್ಲ. ಮರೆವಿನ ಭಯವನ್ನೇ ಉಂಡು ಬದುಕುವವನಿಗೆ ಇನ್ನೊಬ್ಬರ ಮರೆವು ಬಲು ಬೇಗ ನಂಬಿಕೆಗೆ ಬರುತ್ತದೆ.

ಹುಡುಕಿದೆವು. ಸರ್ವರಿನಿಂದ ಬರುವ ಮಾಹಿತಿ ನೋಡಿದೆವು. ಮಡಿ ಎಂದೇ ಬರುತ್ತಿತ್ತು. ಹೆಸರುಗಳನ್ನು ಉದ್ದ ಮಾಡಿದೆವು. ಶ್ರೀಮದ್ವೇದಮೂರ್ತಿ ಎಂದು ಶುರುವಾಗಿ ಗೋತ್ರಸೂತ್ರಗಳ ಸಮೇತ ಮುಗಿಯುವ ಗಿರಾಕಿಯೊಬ್ಬನನ್ನು ನಾನು ಸೃಷ್ಟಿಸಿದೆ. ಹೆಸರು ಎರಡು ಸಾಲಾಯಿತೇ ಹೊರತು ಗುರುತು ಜಗ್ಗಲಿಲ್ಲ. ವೈಫೈ ಕಡಿದೆವು. ಪರದೆ ತಿರುಗಿಸಿದೆವು. ಅಕ್ಷರ ದೊಡ್ಡದು ಮಾಡಿದೆವು. ನಾನು ಕೊಡೆಯ ನೀರು ಗಾಜಿನ ಮೇಲೆ ಕೊಡವಿಯೂ ನೋಡಿದೆ.

"ಸಾರ್, ಅದು ನಮ್ಮ ಆಫೀಸ್ ಟ್ಯಾಬು" ಎಂದಳು ಕವಿತಾ.

"ಹಬೆ ಬಡಿದ್ರೆ ಏನಾಗುತ್ತೆ ನೋಡೋಣ ಅಂತ."

"ಆವಿ ಪಿಡಿಚ್ಚು, ಅದೇ ಹಬೆಯಲ್ಲಿ ಇಡ್ಲಿನೂ ಮಾಡೋಣ, ಇರಿ ಸಾರ್."

ದಿನಗಳು ಹೀಗೇ ಹೋದವು. ಹೊರಗೆ ಮಳೆ, ಒಳಗೆ ಎಸಿಯ ಚಳಿ, ನನ್ನ ಸಾಕ್ಸು ಒಣಗಿದ ನೆನಪಿಲ್ಲ. ಮ್ಯಾನೇಜರು ಹಾದುಹೋಗುವಾಗಲೆಲ್ಲ "ಇನ್ನೂ ಮುಚ್ಚಿಲ್ಲವಾ?" ಎನ್ನುತ್ತಿದ್ದರು. ನಮ್ಮ ಕೈಯಲ್ಲಿ ಆ ಗುರುತು ಒಮ್ಮೆಯೂ ಮಾಯವಾಗಲಿಲ್ಲ. ಪ್ರತಿ ಸಲ ಅದು ಹಲ್ಲು ಕಿರಿದು ಕಾಣಿಸಿಕೊಂಡಾಗ ಐತಾಳರ ಮಾತು ಇನ್ನಷ್ಟು ಸುಳ್ಳಾಗುತ್ತಿತ್ತು.

ಕೊನೆಗೆ ನಾನು ತಾಂಬರಂಗೆ ಹೋಗಿ ಗೋಡೆಯ ಮೇಲಿನ ಆ ಟ್ಯಾಬನ್ನೇ ಕೇಳಿ ತಂದೆ. ಉಪಾಧ್ಯರು ಹೊಸದೊಂದನ್ನು ಹಾಕಿಸಿದ್ದರು, ಹಳೆಯದು ಸಾಸಿವೆ ಡಬ್ಬದ ಹಿಂದೆ ಬಿದ್ದಿತ್ತು. ಕಚೇರಿಯಲ್ಲಿ ಕಿಟಕಿಯ ಬಳಿ ನಿಂತು, ಒರೆಸುವ ಮೊದಲು ಬೆಳಕಿಗೆ ಹಿಡಿದೆ. ಬೇರೆಯವರ ಟ್ಯಾಬುಗಳ ಮೇಲೆ ಬೆರಳಿನ ಚುಕ್ಕೆಗಳಿರುತ್ತವೆ. ಇದರ ಮೇಲೆ ಕಂದು ಬಣ್ಣದ ಗೆರೆಗಳಿದ್ದವು. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಗಾಜಿನುದ್ದಕ್ಕೂ ಒಂದರ ಮೇಲೊಂದು ಎಳೆದ ಗೆರೆಗಳು.

"ಏನು ಸಾರ್ ಇದು, ಸಾಂಬಾರಾ?"

ಉಗುರಿನಿಂದ ಕೆರೆದೆ. ಹೋಗಲಿಲ್ಲ. ಬಾಳೆಯ ಕಲೆ, ಬಟ್ಟೆಗೆ ಹತ್ತಿದರೂ ಹೋಗುವುದಿಲ್ಲ. ಐತಾಳರ ದಂಟಿನ ಗೆರೆಗಳು.

ಆಗ ನನಗೆ ಅವರು ಬಾಗಿಲಲ್ಲಿ ನಿಂತು ದಂಟು ಬೀಸುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ಬೆರಳಾದರೆ ಎಲ್ಲಿ ಬೇಕೋ ಅಲ್ಲಿ ಮೆತ್ತಗೆ ನಿಲ್ಲುತ್ತದೆ. ದಂಟು ನಿಲ್ಲುವುದಿಲ್ಲ. ಒಂದು ಬೀಸಿಗೆ ಆರ್ಡರುಗಳೆಲ್ಲ ಬುರ್ರನೆ ತಳಕ್ಕೆ ಓಡುತ್ತವೆ, ಇನ್ನೊಂದು ಬೀಸಿಗೆ ವಾಪಸು ಬರುತ್ತವೆ. ನಾವು ಕಚೇರಿಯಲ್ಲಿ ಮಾಡಿದ್ದ ಸುಳ್ಳು ಆರ್ಡರುಗಳೋ, ಒಂದೇ ಪರದೆಯಲ್ಲಿ ಕೂತು ಮುಗಿಯುವಷ್ಟು. ಓಡುವುದಕ್ಕೆ ಅವಕ್ಕೆ ಜಾಗವೇ ಇರಲಿಲ್ಲ.

"ಕವಿತಾ, ಆರ್ಡರು ತುಂಬಿಸು. ಮಳೆ ದಿನದ್ದು ಎಷ್ಟಿತ್ತೋ ಅಷ್ಟೂ."

ತುಂಬಿಸಿದಳು. ಮೇಲಿನ ಸಾಲು ಕೃಷ್ಣರಾಯರದು, ಕೆಂಪು ಗುರುತಿನೊಂದಿಗೆ. ಕವಿತಾ ಬೆರಳಿನಿಂದ ಜೋರಾಗಿ ಎಳೆದಳು. ಕೊನೆಯ ಆರ್ಡರಿನ ತನಕ ಹೋಯಿತು. ಮತ್ತೆ ಮೇಲಕ್ಕೆ ಎಳೆದಳು. ಕೃಷ್ಣರಾಯರು ಬಂದರು. ಗುರುತು ಬರಲಿಲ್ಲ.

ಅವಳು ಪರದೆಯನ್ನು ಪದರ ಪದರವಾಗಿ ಬಿಡಿಸಿ ತೋರಿಸುವ ಉಪಕರಣಕ್ಕೆ ಅದನ್ನು ಹಾಕಿದಳು. ಈರುಳ್ಳಿ ಬಿಡಿಸಿದಂತೆ ಒಂದೊಂದೇ ಪದರ ಬೇರೆಯಾಯಿತು: ಬಿಳಿಯ ಹಿನ್ನೆಲೆ, ಹೆಸರು, ಹೊತ್ತು, ಅದರ ಮುಂದೆ ಗುರುತಿನ ಖಾಲಿ ಚೌಕಟ್ಟು.

"ಸಾರ್, ಇರುಕ್ಕು ಸಾರ್!" ಕವಿತಾ ಎದ್ದು ನಿಂತುಬಿಟ್ಟಳು. "ಇಲ್ಲೇ ಇದೆ. ಅಗಲ ಸರಿಯಿದೆ, ಜಾಗ ಸರಿಯಿದೆ. ಮರೆಯಾಗಿ ಉಕ್ಕಾಂದುಕಿಟ್ಟಿದೆ, ಕೂತ್ಕೊಂಡಿದೆ, ಅಷ್ಟೇ!"

ಆಗಿದ್ದು ಇದು. ಫೋನು ಎಷ್ಟು ಆರ್ಡರಿದೆಯೋ ಅಷ್ಟು ಸಾಲುಗಳನ್ನು ಮಾಡುವುದಿಲ್ಲ. ಪರದೆಯಲ್ಲಿ ಹಿಡಿಯುವಷ್ಟನ್ನು ಮಾತ್ರ ಮಾಡಿ, ಮೇಲಿನಿಂದ ಆಚೆ ಹೋದದ್ದನ್ನೇ ಕೆಳಗಿನಿಂದ ಹೊಸ ಹೆಸರು ಬರೆದು ಮತ್ತೆ ತರುತ್ತದೆ. ಹೋಟೆಲಿನ ತಟ್ಟೆಗಳ ಹಾಗೆ: ಒಬ್ಬ ಉಂಡದ್ದನ್ನು ತೊಳೆದು ಇನ್ನೊಬ್ಬನಿಗೆ ಇಡುತ್ತಾರೆ. ಸಾಮಾನ್ಯ ಊಟದ ಆರ್ಡರು ಬಂದಾಗ ಆ ತಟ್ಟೆಯ ಕೆಂಪು ಗುರುತನ್ನು ಮರೆಮಾಡಲಾಗುತ್ತಿತ್ತು. ಅದೇ ತಟ್ಟೆ ತಿರುಗಿ ತಿಥಿಯ ಆರ್ಡರಿನ ಪಾಲಿಗೆ ಬಂದಾಗ ಹೆಸರು ಬದಲಾಗುತ್ತಿತ್ತು, ಹೊತ್ತು ಬದಲಾಗುತ್ತಿತ್ತು, ಗುರುತು ಮರೆಯಲ್ಲೇ ಉಳಿಯುತ್ತಿತ್ತು. ಆ್ಯಪ್ ಮುಚ್ಚಿ ತೆರೆದರೆ ಎಲ್ಲ ತಟ್ಟೆಯೂ ಹೊಸದು, ಎಲ್ಲ ಗುರುತೂ ಜಾಗದಲ್ಲಿ. ಉಪಾಧ್ಯರು ಕಂಡದ್ದು ಅದು. ಐತಾಳರು ಬೆಳಿಗ್ಗೆ ಕಂಡದ್ದೂ ನಿಜ, ಮಧ್ಯಾಹ್ನ ಕಾಣದ್ದೂ ನಿಜ.

ಸಂತೋಷ ನನಗೆ ಒಗ್ಗುವುದಿಲ್ಲ. ಆದರೂ ಆ ಮಧ್ಯಾಹ್ನ ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ತಾಂಬರಂ ರೈಲು ಹತ್ತಿದೆ. ಉಪಾಧ್ಯರು ಗಲ್ಲಾಪೆಟ್ಟಿಗೆಯ ಮುಂದಿದ್ದರು. ಟ್ಯಾಬಿನಲ್ಲಿ ಎಳೆದು ತೋರಿಸಿದೆ. ಗುರುತು ಹೋಯಿತು, ಬಂತು, ಹೋಯಿತು. ಅವರು ಬುದ್ಧಿವಂತರು, ಮಾತಿನಲ್ಲಿ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಸರಿ ಮಾಡಿದಿರಲ್ಲ?"

"ಮಾಡಿದೀವಿ. ಆದ್ರೆ ಐತಾಳರು..."

"ಆಯ್ತು ಬಿಡಿ."

"ಅವರು ಹೇಳಿದ್ದು ನಿಜ ಸಾರ್. ಅವರನ್ನ ವಾಪಸ್ ಕರೀಬೇಕಲ್ವಾ?"

ಉಪಾಧ್ಯರು ಗಿರಾಕಿಯೊಬ್ಬರಿಗೆ ನಗುತ್ತ ಚಿಲ್ಲರೆ ಕೊಟ್ಟರು. ಆ ನಗುವನ್ನು ಮಡಚಿಟ್ಟು ನನ್ನತ್ತ ತಿರುಗಿದರು. "ಕೃಷ್ಣರಾಯರ ಮನೆಯಲ್ಲಿ ಎಂತ ಹೇಳಿದ್ದೇನೆ ನಾನು? ಅಡುಗೆಯವ ಮರೆತ, ಅವನನ್ನು ತೆಗೆದಿದ್ದೇನೆ ಅಂತ. ಈಗ ಮೆಷಿನಿನ ತಪ್ಪು ಅಂದ್ರೆ, ಆ ಮೆಷಿನು ತಂದವ ಯಾರು? ನಾನು. ನಾಳೆ ಯಾರಾದ್ರೂ ನಂಬಿ ತಿಥಿಗೆ ಊಟ ಹೇಳ್ತಾರಾ ನನಗೆ? ಮರೆವಾದ್ರೆ ಮನುಷ್ಯನಿಗೆ ಬರುವುದೇ, ಜನ ಕ್ಷಮಿಸ್ತಾರೆ."

"ಐತಾಳರಿಗಾದ್ರೂ ಒಂದು ಮಾತು..."

"ಅವರಿಗೆ ಮಾಧವರಂನಲ್ಲಿ ಕೆಲಸ ಸಿಕ್ಕಿದೆಯಂತಲ್ಲ. ಕಾಫಿ ಕುಡೀತೀರಾ?"

ಕಚೇರಿಯಲ್ಲಿ ಇನ್ನೂ ಚುರುಕಾಗಿ ಮುಗಿಯಿತು. ಆ್ಯಪ್‌ನ ಹೊಸ ಆವೃತ್ತಿಯ ಜೊತೆ, ಏನು ಬದಲಾಗಿದೆ ಎಂದು ಒಂದೆರಡು ಸಾಲು ಬರೆಯುವ ಪದ್ಧತಿಯಿದೆ. ನಾನು ಬರೆದದ್ದನ್ನು ಮ್ಯಾನೇಜರು ಅಳಿಸಿ, ತಾವೇ ತಿದ್ದಿದರು: 'ಸಣ್ಣಪುಟ್ಟ ಸುಧಾರಣೆಗಳು.' ಒಬ್ಬ ಮನುಷ್ಯನ ಬಾಯಿಂದ ಸುಳ್ಳು ಹೇಳಿಸಿ ಹೊಸಿಲಲ್ಲಿ ಅಡ್ಡಬೀಳಿಸಿದ್ದಕ್ಕೆ ನಮ್ಮ ಭಾಷೆಯಲ್ಲಿ ಹಾಗನ್ನುತ್ತಾರೆ. ಅಂದಿನಿಂದ ನನ್ನ ಫೋನಿನಲ್ಲಿ ಯಾವ ಆ್ಯಪ್ ಆ ಮಾತು ಹೇಳಿದರೂ, ಇದರ ಹಿಂದೆ ಯಾರ ತಲೆ ಉರುಳಿದೆಯೋ ಎಂದುಕೊಳ್ಳುತ್ತೇನೆ.

ಮಾಧವರಂ ಚೆನ್ನೈನ ಇನ್ನೊಂದು ತುದಿ. ನೀರು ನಿಂತ ರಸ್ತೆಗಳಲ್ಲಿ ಬಸ್ಸು ದೋಣಿಯ ಹಾಗೆ ಹೋಯಿತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ, ಕೆಡವಿದೆ. ಹೊರಊರಿನ ಬಸ್ಸುಗಳು ನಿಲ್ಲುವ ನಿಲ್ದಾಣದ ಬದಿಗೆ ಒಂದು ಟಿಫನ್ ಅಂಗಡಿ. ಅದರ ಹಿಂಭಾಗದಲ್ಲಿ, ತಗಡಿನ ಮಾಡಿನ ಕೆಳಗೆ ಐತಾಳರು ಕೂತಿದ್ದರು. ಒಲೆಯ ಮುಂದಲ್ಲ. ಈಳಿಗೆಮಣೆಯ ಮೇಲೆ, ಸೋರೆಕಾಯಿ ಹೆಚ್ಚುತ್ತ. ಒಲೆಯ ಮುಂದೆ ಸೆಲ್ವಿ ಎಂಬ ಹೆಂಗಸು ನಿಂತಿದ್ದಳು.

"ಓ, ಉಸಿರಿನ ಮಾರಾಯ್ರು!" ಎಂದರು. ನಕ್ಕರು ಕೂಡ. ಆದರೆ ಹಳೆಯ ನಗುವಿನಲ್ಲಿದ್ದ ಗತ್ತು ಇದರಲ್ಲಿರಲಿಲ್ಲ.

"ನೀವು ಅಡುಗೆ ಮಾಡ್ತಿಲ್ವಾ?"

"ಇಲ್ಲ ಇಲ್ಲ. ನನಗೆ ಈಗ ಆಗುದಿಲ್ಲ." ಅವರು ಹೋಳುಗಳನ್ನು ನೀರಿಗೆ ಹಾಕಿದರು. "ತಲೆ ನಿಲ್ಲುದಿಲ್ಲ. ಅವತ್ತು ಆದದ್ದು ನಿಮಗೆ ಗೊತ್ತುಂಟಲ್ಲ. ಮೊದಲು ಉಪಾಧ್ಯರು ಹೇಳ್ಸಿದ್ರು ಅಂತ ಹೇಳಿದೆ, ಮರೆತೆ ಅಂತ. ಆಮೇಲೆ ಮನೆಗೆ ಬಂದು ಕೂತು ಯೋಚಿಸಿದೆ. ಗುರುತು ಬೆಳಿಗ್ಗೆ ಕಂಡದ್ದು ಹೌದಾ? ಅಲ್ಲ ನಿನ್ನೆಯದ್ದಾ? ತುಂಬುವಾಗ ಒಂದು ಮನೆಯ ಅಡುಗೆ ಉಳಿದದ್ದನ್ನು ನೋಡಿದ್ದೆ ನಾನು. ನೋಡಿ, ನಾನೇ ಹೆಚ್ಚು ಮಾಡಿದೆನೋ ಏನೋ ಅಂತ ಬಿಟ್ಟೆ. ನೆಟ್ಟಗಿದ್ದವ ಹಾಗೆ ಬಿಡ್ತಾನಾ? ನನ್ನ ಅಪ್ಪಯ್ಯನಿಗೂ ಹೀಗೇ ಶುರುವಾದದ್ದು. ಕಡೆಗೆ ನನ್ನ ಹೆಸರೂ ಗೊತ್ತಿರ್ಲಿಲ್ಲ ಅವರಿಗೆ."

"ಡಾಕ್ಟರಿಗೆ ತೋರ್ಸಿದ್ರಾ?"

"ತೋರ್ಸಿದೆ. ಎಂತ ಇಲ್ಲ ಅಂದ್ರು. ಅವರಿಗೆಂತ ಗೊತ್ತುಂಟು?"

ನಾನು ಫೋನು ತೆಗೆದೆ. ಸರಿಪಡಿಸುವ ಮೊದಲಿನ ಆ್ಯಪ್ ಅನ್ನು ಅದರಲ್ಲಿ ಹಾಕಿಸಿಕೊಂಡು ಬಂದಿದ್ದೆ. ಜೋಡಿಸಿದ್ದ ಮಾತುಗಳೆಲ್ಲ ಎಲ್ಲೋ ಬಸ್ಸಿನಲ್ಲೇ ಇಳಿದುಹೋಗಿದ್ದವು. "ಐತಾಳರೇ, ಇದನ್ನೊಂದು ಸಲ ಎಳೆದು ನೋಡಿ" ಎಂದಷ್ಟೇ ಅಂದೆ.

ಕೈಯೊರೆಸಿಕೊಂಡು ತೆಗೆದುಕೊಂಡರು. ಈಗ ಮಡಿಯಿಲ್ಲ, ದಂಟಿಲ್ಲ. ಬೆರಳಿನಿಂದಲೇ ಎಳೆದರು. ಆರ್ಡರುಗಳು ಓಡಿದವು, ಮರಳಿ ಬಂದವು. ಕೃಷ್ಣರಾಯರ ಹೆಸರಿನ ಪಕ್ಕ ಖಾಲಿ.

ಐತಾಳರು ಫೋನನ್ನು ಹತ್ತಿರಕ್ಕೆ ತಂದರು, ದೂರ ಹಿಡಿದರು. ನಾನು ಮುಚ್ಚಿ ತೆರೆದುಕೊಟ್ಟೆ. ಗುರುತು ಬಂತು. ಮತ್ತೆ ಎಳೆದರು. ಹೋಯಿತು. ಮತ್ತೆ, ಮತ್ತೆ. ತಗಡಿನ ಮೇಲೆ ಮಳೆಯ ಸದ್ದು ಜೋರಾಯಿತು. ಬಸ್ಸಿನವನೊಬ್ಬ ವೇಲೂರು ವೇಲೂರು ಎಂದು ಕೂಗುತ್ತಿದ್ದ.

"ಹಾಗಾದ್ರೆ ಬೆಳಿಗ್ಗೆ ಇತ್ತು."

"ಇತ್ತು."

"ಆಮೇಲೆ ಇರ್ಲಿಲ್ಲ."

"ಇರ್ಲಿಲ್ಲ. ನೀವು ಹೇಳಿದ್ದು ಹೇಳಿದ ಹಾಗೇ ನಿಜ. ನಿಮ್ಮ ತಲೆ ಸರಿ ಇದೆ."

ಅವರು ಪಂಚೆಯ ತುದಿಯಿಂದ ಫೋನಿನ ಗಾಜು ಒರೆಸಿದರು. ಆಮೇಲೆ, "ಉಪಾಧ್ಯರಿಗೆ ಗೊತ್ತುಂಟಾ?" ಎಂದರು.

ಗೊತ್ತು ಎಂದೆ. ಉಪಾಧ್ಯರ ಬಗ್ಗೆ ಬೇರೇನನ್ನೂ ಅವರು ಕೇಳಲಿಲ್ಲ. ಅಷ್ಟರಲ್ಲೇ ಎಲ್ಲವೂ ತಿಳಿದಿರಬೇಕು.

"ಕೃಷ್ಣರಾಯರ ಅಮ್ಮನಿಗೆ?"

"ಇಲ್ಲ. ನಾನು ಹೋಗಿ ಹೇಳ್ತೀನಿ."

"ಬೇಡ ಬಿಡಿ. ಅವರು ಮತ್ತೆ ಅಳುದು ಬೇಡ." ಫೋನು ನನ್ನ ಕೈಗಿಟ್ಟರು. "ನೀವು ಮಳೆಯಲ್ಲಿ ಇಷ್ಟು ದೂರ ಬಂದ್ರಿ. ಉಂಡುಕೊಂಡು ಹೋಗಿ."

ಅಷ್ಟರಲ್ಲಿ ಒಲೆಯ ಬಳಿಯಿಂದ ಸೆಲ್ವಿ ತಿರುಗಿದಳು. ಸೌಟಿನಲ್ಲಿ ಸಾಂಬಾರು ಹಬೆಯಾಡುತ್ತಿತ್ತು. ಅದರ ತುಂಬ ಸಾಂಬಾರ್ ಈರುಳ್ಳಿ. "ಸಾಮಿ, ಉಪ್ಪು ಪಾರುಂಗೋ" ಎಂದಳು, ಉಪ್ಪು ನೋಡಿ ಎಂದು. ದಿನವೂ ಕೇಳುತ್ತಿದ್ದಳೇನೋ, ಉತ್ತರದ ಆಸೆ ಅವಳ ದನಿಯಲ್ಲಿರಲಿಲ್ಲ.

ಐತಾಳರು ಎದ್ದರು. ಸೌಟಿನ ಬಳಿ ಬಾಗಿ, ಕಣ್ಣು ಮುಚ್ಚಿ, ಹಬೆಯನ್ನು ಮೂಗಿನಿಂದ ಎಳೆದರು. ಅದೇ ಹಳೆಯ ರೀತಿ. "ಸರಿ ಉಂಟು" ಎಂದರು, ಗಟ್ಟಿಯಾಗಿ. ಸೆಲ್ವಿ ಸೌಟು ಹಿಂದಕ್ಕೆ ತೆಗೆದುಕೊಂಡಳು.

ಅವಳು ಅದನ್ನು ಕೊಳಗಕ್ಕೆ ಇಳಿಸುವ ಮೊದಲು ಐತಾಳರು ತಡೆದರು. ಅಂಗೈ ಚಾಚಿ ಒಂದಿಷ್ಟು ಹಾಕಿಸಿಕೊಂಡರು. ರುಚಿ ನೋಡದೆಯೇ ಆಯಸ್ಸು ಕಳೆದ ಮನುಷ್ಯ ಅದನ್ನು ನೆಕ್ಕಿದರು. ಸ್ವಲ್ಪ ತಡೆದು, ಮತ್ತೊಮ್ಮೆ ನೆಕ್ಕಿದರು. ಆಮೇಲೆ ನನ್ನ ಕಡೆ ನೋಡದೆ ಅವಳಿಗೆ ಮೆಲ್ಲಗೆ, "ನೀಯುಂ ಪಾರಮ್ಮಾ, ಒರು ತಡವೆ" ಎಂದರು, ನೀನೂ ಒಂದು ಸಲ ನೋಡಮ್ಮ ಎಂದು.

ಊಟ ಮಾಡಿ ಬಂದೆ. ಏನು ಉಂಡೆನೋ ಗೊತ್ತಿಲ್ಲ.

ಗುರುತು ಅಲ್ಲಿತ್ತು. ಅಗಲ ಸರಿಯಿತ್ತು. ಬಣ್ಣ ಕೆಂಪೇ ಇತ್ತು. ಸರ್ವರು ಸರಿಯಾದುದನ್ನೇ ಕಳಿಸಿತ್ತು, ವೈಫೈ ಬದುಕಿತ್ತು, ಗಾಜಿಗೆ ಹಬೆ ಕಟ್ಟಿರಲಿಲ್ಲ. ಐತಾಳರ ಕಣ್ಣಿಗೆ ಪೊರೆ ಬಂದಿರಲಿಲ್ಲ. ಅವರು ನೋಡಿದ್ದರು, ಮರೆತಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ತಪ್ಪಿದ್ದು ಒಂದೇ. ಬೇಡವಾದಾಗ ಮರೆಮಾಡು ಎಂದು ಬರೆದವರು, ಬೇಕಾದಾಗ ಮತ್ತೆ ತೋರಿಸು ಎಂದು ಬರೆದಿರಲಿಲ್ಲ.